ಅರವತ್ಮೂರು ‘ಆತು’

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ಷಮಿಸುವ ಪೈಕಿ ಅಲ್ಲ. ನಮ್ಮ ಅಮ್ಮ ಫಕೀರಬಿ ದಿನಕ್ಕೆ ಐದು ಸಲ ನಮಾಜು ಮಾಡಿ, ಐದೂ ಸಲ ಲೋಕದವರನ್ನೆಲ್ಲ ಮನ್ನಿಸಿ ಏಳುತ್ತಾಳೆ. ಅದು ಅವಳ ದೊಡ್ಡತನ. ನನಗೆ ಮಾತ್ರ ಮನೋಹರ ಸಾಹೇಬರ ಹೆಸರು ಕೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ಉರಿಯಲಿ ಬಿಡಿ, ಯಾರಪ್ಪನ ಗಂಟೇನು ಹೋಯಿತು?

ನಾನು ಶಾಹಿಸ್ತಾ. ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿರುವ ಸಣ್ಣ ಸರ್ಕಾರಿ ಗ್ರಂಥಾಲಯದಲ್ಲಿ ಹನ್ನೊಂದು ವರ್ಷದಿಂದ ಸಹಾಯಕಿ. ಹೊರಗುತ್ತಿಗೆಯವಳು. ಅಂದರೆ ಕೆಲಸ ಪೂರ್ತಿ ನನ್ನದು, ಹೆಸರು ಮಾತ್ರ ಎಲ್ಲೂ ಇಲ್ಲ.

ಕೊರೋನಾ ಕಾಲದಲ್ಲಿ ಬಾಗಿಲು ಮುಚ್ಚಿದಾಗ ನಾನೊಂದು ವಾಟ್ಸಾಪ್ ಗುಂಪು ಮಾಡಿದೆ. ‘ಪುಸ್ತಕದ ಓಣಿ’ ಎಂದು ಹೆಸರಿಟ್ಟೆ. ಹನ್ನೆರಡು ಜನರಿಂದ ಶುರುವಾದದ್ದು ಮುನ್ನೂರ ನಲವತ್ತಕ್ಕೆ ಬಂತು. ಪ್ರತಿ ಮಂಗಳವಾರ ಹೊಸ ಪುಸ್ತಕಗಳ ಮುಖಪುಟದ ಫೋಟೊ ಹಾಕುತ್ತಿದ್ದೆ. ಬೇಕಾದವರು ಹೆಸರು ಹೇಳಿ ಸರತಿ ಹಚ್ಚುತ್ತಿದ್ದರು. ನೇಕಾರರಿಗೆ ಕೈ ಎರಡೂ ಮಗ್ಗದಲ್ಲಿ, ಕಾಲು ಎರಡೂ ಮಗ್ಗದ ಕೆಳಗಿನ ಕುಣಿಯಲ್ಲಿ. ಟೈಪು ಎಲ್ಲಿಂದ ಮಾಡಬೇಕು? ಅವರದೆಲ್ಲ ಬಾಯಿಮಾತಿನ ಮೆಸೇಜು. ಹಿಂದೆ ಮಗ್ಗದ ಸಪ್ಪಳ. ಆ ಸಪ್ಪಳ ಕೇಳಿಯೇ ಇದು ಯಾರ ಮನೆಯದು ಎಂದು ನಾನು ಹೇಳಬಲ್ಲೆ. ನಮ್ಮದನ್ನು ಕೇಳಿ ಕಲಿತು ಲಕ್ಷ್ಮೇಶ್ವರದವರು, ಶಿರಹಟ್ಟಿಯವರು, ಮುಂಡರಗಿಯ ಕೌಸರ ಎಲ್ಲರೂ ತಮ್ಮ ತಮ್ಮ ಊರಲ್ಲಿ ಅಂಥವೇ ಗುಂಪು ಮಾಡಿಕೊಂಡರು.

ಗುಂಪಿನ ಕಾಯಿದೆ ಮಾಡಿದ್ದು ನಾನಲ್ಲ, ಬನಶಂಕರೆವ್ವ. ಅರವತ್ತು ದಾಟಿದ ನೇಕಾರ ಮುದುಕಿ, ಪತ್ತೇದಾರಿ ಕಾದಂಬರಿ ಎಂದರೆ ಜೀವ. ಒಂದು ದಿನ ಅವಳ ಮೆಸೇಜು ಬಂತು: “ಯವ್ವಾ, ನಂದು ಆತು. ಮುಂದಿನವ್ರು ಯಾರದಾರ, ಬಂದು ಒಯ್ಯಲಿ. ನಾ ಮಗ್ಗ ಬಿಟ್ಟು ಏಳಂಗಿಲ್ಲ.” ಸರತಿಯಲ್ಲಿ ಮುಂದೆ ಇದ್ದವನು ಟೈರು ಅಂಗಡಿಯ ಜಾವೀದ. ಅವಳ ಮನೆಗೇ ಹೋಗಿ ಇಸಿದುಕೊಂಡ. ಅಲ್ಲಿಂದ ಅದೇ ರೂಢಿಯಾಯಿತು. ‘ಆತು’ ಎಂದರೆ ಓದಿ ಮುಗಿಯಿತು, ಪುಸ್ತಕ ನನ್ನ ಮನೆಯಲ್ಲೇ ಇದೆ, ಸರತಿಯವರು ಬಂದು ಒಯ್ಯಿರಿ ಎಂದರ್ಥ. ರಿಜಿಸ್ಟರಿನಲ್ಲಿ ಮೊದಲು ಒಯ್ದವರ ಹೆಸರು. ಆಮೇಲಿನ ಜಾಡೆಲ್ಲ ಗುಂಪಿನಲ್ಲಿ. ಒಂದೊಂದು ಪುಸ್ತಕ ಎಂಟೆಂಟು ತಿಂಗಳು ಗ್ರಂಥಾಲಯದ ಮುಖವನ್ನೇ ನೋಡುತ್ತಿರಲಿಲ್ಲ. ಅಸುಂಡಿಗೂ ಹೋಗುತ್ತಿತ್ತು, ಬಿಂಕದಕಟ್ಟಿಗೂ ಹೋಗುತ್ತಿತ್ತು, ಹರಿಯದೆ ಕಳೆಯದೆ ತಿರುಗುತ್ತಿತ್ತು.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಮನೋಹರ ಸಾಹೇಬರು ಗ್ರಂಥಪಾಲಕರಾಗಿ ಬಂದರು. ಇದೇ ಗದಗದವರು. ಮನೆಯಲ್ಲಿ ನಮ್ಮಂತೆಯೇ ಮಾತು, ಕುರ್ಚಿ ಮೇಲೆ ಕುಳಿತರೆ ಸುತ್ತೋಲೆಯ ಕನ್ನಡ. ಬಂದ ವಾರದಲ್ಲೇ ಕರೆದರು.

“ಶಾಹಿಸ್ತಾ ಅವರೇ, ಸರ್ಕಾರಿ ಗುಂಪಿಗೆ ಸರ್ಕಾರಿ ನೌಕರ ಅಡ್ಮಿನ್ ಇರಬೇಕಾಗುತ್ತದೆ.”

ಮಾಡಿದೆ. ಹುಚ್ಚಿ ನಾನು, ಮಾಡಿಕೊಟ್ಟೆ. ನಡುವೆ ಸೇರಿದವರಿಗೆ ಹಳೆಯ ಮಾತುಕತೆ ಕಾಣುವುದಿಲ್ಲ. ಅವರಿಗೆ ಕಂಡದ್ದು ಮುನ್ನೂರ ನಲವತ್ತು ಎಂಬ ಸಂಖ್ಯೆ ಒಂದೇ. ಅದನ್ನು ಹಿಡಿದುಕೊಂಡು ‘ಸಾಮಾಜಿಕ ಜಾಲತಾಣದ ಮೂಲಕ ಓದುಗರ ಸೇವೆ: ನನ್ನ ನೂತನ ಪ್ರಯೋಗ’ ಎಂದು ಮೇಲಿನವರಿಗೆ ಬರೆದು ಕಳಿಸಿದರು. ಮೆಚ್ಚುಗೆ ಪತ್ರ ಬರುತ್ತದೆ ಎಂದು ಸುದ್ದಿಯೂ ಆಯಿತು. ನಾನು ಹೋಗಿ ಕೇಳಿದೆ.

“ಸರ್, ಒಂದು ಮೂಲ್ಯಾಗರ ನನ್ನ ಹೆಸರು ಬರೀರಿ.”

ಆಗಲಿ ಎಂದು ತಲೆ ಆಡಿಸಿದರು. ಮಧ್ಯಾಹ್ನ ಫೋನು ನೋಡಿದರೆ ನನ್ನನ್ನು ಗುಂಪಿನಿಂದ ತೆಗೆದುಹಾಕಿದ್ದರು. ನಾನು ಕಟ್ಟಿದ ಮನೆಯಿಂದ ನನ್ನನ್ನೇ ಹೊರಗೆ ಹಾಕಿ ಚಿಲಕ ಹಾಕಿಕೊಂಡರು.

ಅಷ್ಟಕ್ಕೇ ಬಿಟ್ಟಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆನೋ ಏನೋ. ಮೇಲಿನ ಕಚೇರಿಯ ಮೇಡಂ ತಪಾಸಣೆಗೆ ಬರುತ್ತಾರೆಂದು ಸಾಹೇಬರು ಕಪಾಟು ಎಣಿಸಿದರು. ಅರವತ್ಮೂರು ಪುಸ್ತಕ ಇಲ್ಲ. ಗುಂಪಿನಲ್ಲಿ ನೋಟೀಸು ಹಾಕಿದರು: ಎಲ್ಲ ಪುಸ್ತಕಗಳನ್ನು ಶನಿವಾರದೊಳಗೆ ಹಿಂದಿರುಗಿಸತಕ್ಕದ್ದು. ಸಂಜೆಯೊಳಗೆ ಅರವತ್ಮೂರು ಜನ ಉತ್ತರ ಕೊಟ್ಟರು. ‘ಆತು.’ ‘ಆತ್ರಿ.’ ‘ನಂದು ಆತು.’ ‘ಆಯಿತು, ತರುತ್ತೇವೆ’ ಎಂದು ಓದುಗರು ಒಪ್ಪಿದರೆಂದು ತಿಳಿದು ಸಾಹೇಬರು ಒಂದೊಂದಕ್ಕೂ ಹೆಬ್ಬೆರಳಿನ ಚಿತ್ರ ಒತ್ತಿದರು. ಓದುಗರು ಪುಸ್ತಕ ಒರೆಸಿ ಇಟ್ಟುಕೊಂಡು, ಒಯ್ಯುವವರು ಬರಲಿ ಎಂದು ಕಾದರು. ಶನಿವಾರ ಯಾರೂ ಬರಲಿಲ್ಲ. ಮೈಸೂರು ಕಡೆಯವರು ಯಾರಾದರೂ ಆಗಿದ್ದರೆ ‘ಆತು ಅಂದರೇನು?’ ಎಂದು ಕೇಳಿಯಾದರೂ ಕೇಳುತ್ತಿದ್ದರು. ಇವರು ನಮ್ಮೂರವರೇ, ಹುಟ್ಟಿದಾಗಿನಿಂದ ಆಡಿದ ಮಾತು, ಕೇಳುವುದೇನಿದೆ?

ಆಮೇಲೆ ರಿಜಿಸ್ಟರು ಹಿಡಿದು ಫೋನು ಹಚ್ಚಿದರು. ಮೊದಲ ಹೆಸರು ಬನಶಂಕರೆವ್ವ.

“ನಂದು ಎಂದೋ ಆತಲ್ರೀ ಸಾಹೇಬ್ರ,” ಎಂದಳಂತೆ.

ಅಂದರೆ ವಾಪಸು ಕೊಟ್ಟಾಗಿದೆ ಎಂದುಕೊಂಡರು. ಇನ್ನೂ ನಾಲ್ಕು ಜನ ಅದನ್ನೇ ಹೇಳಿದರು. ವಾಪಸು ಇಸಿದುಕೊಳ್ಳುವವಳು ನಾನೇ, ಅಲ್ಲಿಗೆ ಸಾಹೇಬರ ತನಿಖೆ ಮುಗಿಯಿತು. ಮರುದಿನ ಓದುವವರಿಂದ ಕೋಣೆ ತುಂಬಿರುವಾಗ ನನ್ನನ್ನು ನಡುವೆ ನಿಲ್ಲಿಸಿದರು. ಸುತ್ತೋಲೆಯ ಕನ್ನಡ ಎಲ್ಲಿ ಹೋಯಿತೋ ಏನೋ.

“ಅರವತ್ಮೂರು ಪುಸ್ತಕ ರದ್ದಿಗೆ ಹಾಕೀಯಲ್ಲ, ನಾಚಿಕಿ ಬರೂದಿಲ್ಲ ನಿನಗ? ನಾಳಿಯಿಂದ ಇತ್ತ ಕಾಲ ಇಡಬ್ಯಾಡ.”

ಕಳ್ಳಿ. ಹನ್ನೊಂದು ವರ್ಷ ಹಾಳೆ ಹರಿದರೆ ಅಂಟು ಹಚ್ಚಿ ಒಣಗಿಸಿದವಳು ನಾನು. ಎರಡೇ ದಿನದಲ್ಲಿ ಮಾತು ಸಂತೆ ಮುಟ್ಟಿತು. ಕಾಯಿಪಲ್ಲೆ ತರಲು ಹೋದ ಅಮ್ಮನನ್ನು ಒಬ್ಬಳು ತಡೆದು, “ನಿನ್ನ ಮಗಳು ಪುಸ್ತಕ ಮಾರ್ಕೊಂಡ್ಳಂತ, ಖರೇನಬೇ?” ಎಂದು ಕೇಳಿದಳು. ಅಮ್ಮ ಖಾಲಿ ಚೀಲ ಹಿಡಿದು ಮನೆಗೆ ಬಂದಳು. ಆಮೇಲೆ ಹೊರಗೆ ಹೋಗುವುದನ್ನೇ ಬಿಟ್ಟಳು. ಆ ಖಾಲಿ ಚೀಲ ನೋಡಿ ನಾನು ನಿರ್ಧಾರ ಮಾಡಿದೆ. ಇವರನ್ನು ಬಿಡುವುದಿಲ್ಲ.

ಬನಶಂಕರೆವ್ವ ಸಂಕಟಪಟ್ಟಳು. “ಪುಸ್ತಕ ಎಲ್ಲೆಲ್ಲಿ ಅದಾವ ಅಂತ ನಿನಗ ಗೊತ್ತೈತಿ. ಹೋಗಿ ಹೇಳಿ ಬಾರವ್ವಾ, ಮುಗದು ಹೋಗ್ತೈತಿ.”

“ಇಲ್ಲ ಆಯಿ. ಬಾಯಿಲೆ ಕಳ್ಳಿ ಅಂದಾರ, ನಾಳೆ ಬಾಯಿಲೆ ಅಂದಿಲ್ಲ ಅಂತಾರ. ಬರೀಲಿ. ಸಹಿ ಮಾಡ್ಲಿ. ಆಮ್ಯಾಲ ನೋಡೂಣು.”

ಗೊತ್ತಿತ್ತು, ಹೌದು. ಗುಂಪಿನಿಂದ ತೆಗೆದರೂ ಹಳೆಯ ಮಾತೆಲ್ಲ ನನ್ನ ಫೋನಿನಲ್ಲಿ ಉಳಿದಿತ್ತು. ನಾಲ್ಕು ವರ್ಷದ ‘ಆತು’ಗಳು, ಒಂದೊಂದರ ಹಿಂದೆ ಒಂದು ಮನೆ. ನಾನು ಹೊರಬಿದ್ದ ಮೇಲಿನ ಕೈಬದಲಿಗಳನ್ನು ಓದುಗರು ನನಗೇ ಬೇರೆಯಾಗಿ ಹೇಳುತ್ತಿದ್ದರು, ರೂಢಿ ಬಿಡಬೇಕಲ್ಲ. ಬಾಯಿಗೆ ಬೀಗ ಹಾಕಿಕೊಂಡು ಹದಿನೆಂಟು ದಿನ ಕಾದೆ. ಹತ್ತೊಂಬತ್ತನೆಯ ದಿನ ಅಂಚೆಯಲ್ಲಿ ಕಾಗದ ಬಂತು, ಸಾಹೇಬರು ಮೇಡಂಗೆ ಕಳಿಸಿದ ವರದಿಯ ಪ್ರತಿ. ‘ಎಲ್ಲ ಓದುಗರನ್ನೂ ಖುದ್ದಾಗಿ ವಿಚಾರಿಸಲಾಗಿ, ಅರವತ್ಮೂರು ಪುಸ್ತಕಗಳು ಯಾರ ಬಳಿಯೂ ಇಲ್ಲವೆಂದು ದೃಢಪಟ್ಟಿದ್ದು, ಸದರಿ ಸಹಾಯಕಿಯೇ ಅಪಹರಿಸಿರುತ್ತಾಳೆ.’ ಕೆಳಗೆ ಸಹಿ, ಸಿಕ್ಕೆ, ತಾರೀಖು. ಕಾಗದಕ್ಕೆ ಮುತ್ತು ಕೊಟ್ಟೆ. ಮಗಳಿಗೆ ತಲೆ ಕೆಟ್ಟಿತೆಂದು ಅಮ್ಮ ದುವಾ ಓದಿ ಊದಿದಳು.

ಮೇಡಂ ಬರುವುದು ಬುಧವಾರ ಹನ್ನೊಂದಕ್ಕೆ. ಸೋಮವಾರ ನಾನು ನನ್ನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅರವತ್ಮೂರು ಮುಖಪುಟಗಳ ಫೋಟೊ ಹಾಕಿದೆ, ಮಂಗಳವಾರ ಮತ್ತೊಮ್ಮೆ ಹಾಕಿದೆ. ಸಾಹೇಬರ ಒಂದು ನಂಬರಿಗೆ ಮಾತ್ರ ಕಾಣದಂತೆ ಮುಚ್ಚಿದೆ. ಕೆಳಗೆ ಬರೆದೆ: ‘ಈ ಎಲ್ಲಾ ಪುಸ್ತಕದ ಸರತಿ ಈಗ ನಂದು. ಆತು ಅಂದವ್ರು ಬುಧವಾರ ಹನ್ನೊಂದಕ್ಕ ಗ್ರಂಥಾಲಯಕ್ಕ ತಂದು ನನ್ನ ಕೈಯಾಗ ಕೊಡ್ರಿ.’

ಬುಧವಾರ ಗೋಡೆಯ ಮೇಲೆ ಬಿಳಿ ಪರದೆ, ಅದರ ಮೇಲೆ ನನ್ನ ಗುಂಪು ಇಷ್ಟು ದೊಡ್ಡದಾಗಿ ಮೂಡಿತ್ತು. ಸಾಹೇಬರು ಇಸ್ತ್ರಿ ಅಂಗಿ ಹಾಕಿಕೊಂಡು ಕೋಲಿನಿಂದ ತೋರಿಸುತ್ತಿದ್ದರು.

“ಮೇಡಂ, ನಾನು ನೋಟೀಸು ಹಾಕಿದ ಕೂಡಲೇ ಅರವತ್ಮೂರು ಓದುಗರು ಸ್ಪಂದಿಸಿದ್ದಾರೆ ನೋಡಿ.”

“ಸ್ಪಂದಿಸಿದವರು ಅರವತ್ಮೂರು. ಕಳೆದ ಪುಸ್ತಕ ಎಷ್ಟು ಅಂದ್ರಿ?” ಮೇಡಂ ಕನ್ನಡಕ ಮೇಲೆತ್ತಿದರು.

ಸಾಹೇಬರ ಕೋಲು ಗಾಳಿಯಲ್ಲೇ ನಿಂತಿತು. ಅಷ್ಟರಲ್ಲಿ ನಾನು ಒಳಗೆ ಕಾಲಿಟ್ಟೆ. ನನ್ನ ಹಿಂದೆ ಬನಶಂಕರೆವ್ವ. ಹಗಲು ಹೊತ್ತಿನಲ್ಲಿ ಮಗ್ಗ ಬಿಟ್ಟು ಎದ್ದವಳಲ್ಲ, ಸೆರಗಿಗೆ ನೂಲಿನ ಎಳೆ ಹಾಗೇ ಅಂಟಿತ್ತು. ಪುಸ್ತಕವನ್ನು ನನ್ನ ಕೈಗಿಟ್ಟು ಜೋರಾಗಿ ಹೇಳಿದಳು, “ಆತು.” ನಾನು ಮೇಡಂ ಮುಂದಿನ ಮೇಜಿಗೆ ಇಟ್ಟೆ. ಜಾವೀದ ಕರಿ ಕೈ ಒರೆಸಿಕೊಂಡು ಬಂದ, “ಆತು ಆಪಾ.” ಬಿಂಕದಕಟ್ಟಿಯ ಲಕ್ಕಪ್ಪ ಬಂದ, ಅಸುಂಡಿಯ ಬಸ್ಸಿನಿಂದ ಒಂಬತ್ತು ಜನ ಇಳಿದರು. ಆತು. ಆತ್ರಿ. ಆತವಾ. ಸಾಹೇಬರ ಮುಖ ಒಂದೊಂದು ‘ಆತು’ಗೂ ಒಂದೊಂದು ಬಣ್ಣಕ್ಕೆ ತಿರುಗುತ್ತಿತ್ತು. ಸುಳ್ಳೇಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಇನ್ನೂ ನಿಧಾನವಾಗಿ ಬರಲಿ, ಸಂಜೆ ತನಕ ಬರಲಿ ಎನಿಸಿತು.

ಎಣಿಸಿದರು. ಅರವತ್ತೆರಡು.

ಸಾಹೇಬರಿಗೆ ಜೀವ ಬಂತು. ಮತ್ತೊಮ್ಮೆ ಎಣಿಸಿದರು. “ಒಂದು ಕಡಿಮಿ ಐತಿ ಮೇಡಂ. ನೋಡ್ರಿ, ಒಂದರ ಕದ್ದಾಳೋ ಇಲ್ಲೋ? ಒಂದು ಕದ್ರೂ ಕಳವು ಕಳವ!”

ಆ ಒಂದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅವರದೇ ಮನೆಯಲ್ಲಿ, ಹಿಟ್ಟಿನ ಡಬ್ಬಿಯ ಹಿಂದೆ. ಅವರ ಹೆಂಡತಿ ಅಂಕಿತಾ, ಸಾಹೇಬರು ಬರುವ ಮೊದಲಿನಿಂದಲೇ, ನಮ್ಮ ಗುಂಪಿನಲ್ಲಿದ್ದಳು. ತವರುಮನೆಯ ಹಳೆಯ ಸಿಮ್ಮು, ಫೋಟೊ ಇರಬೇಕಾದಲ್ಲಿ ದಾಸವಾಳದ ಹೂವು. ತನ್ನ ಹೆಂಡತಿಯ ‘ಆತು’ಗೂ ಸಾಹೇಬರು ಹೆಬ್ಬೆರಳು ಒತ್ತಿದ್ದರು, ಗೊತ್ತಿಲ್ಲದೆ. ಅವಳು ನನಗೆ ಬೇರೆಯಾಗಿ ಕಳಿಸಿದ್ದ ಮಾತು ಫೋನಿನಲ್ಲಿತ್ತು: “ಶಾಹಿಸ್ತಾ ಅಕ್ಕಾ, ನಂದು ಆತು. ಒಯ್ಯಾಕ ಹೆಣ್ಣಮಕ್ಕಳನ್ನ ಕಳಸು. ನಮ್ಮ ಮನಿಯವ್ರಿಗೆ ತಿಳೀಬಾರದು, ನಾ ಓದೂದು ಅವ್ರಿಗೆ ಸೇರೂದಿಲ್ಲ.” ಯಾರಿಗೂ ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ಫೋನು ಕೈಯಲ್ಲಿತ್ತು. ಒಮ್ಮೆ ಒತ್ತಿದರೆ ಅವಳ ದನಿ ಇಡೀ ಕೋಣೆಗೆ ಕೇಳುತ್ತಿತ್ತು. ಅಮ್ಮನ ಖಾಲಿ ಚೀಲ ಕಣ್ಣ ಮುಂದೆ ಬಂತು. ಖರೆ ಹೇಳುತ್ತೇನೆ, ಒತ್ತುವವಳೇ ಇದ್ದೆ. ಬೆರಳು ಇಟ್ಟೂ ಆಗಿತ್ತು. ಅವಳು ಒಂದು ನಿಮಿಷ ತಡ ಮಾಡಿದ್ದರೆ ಕೊಟ್ಟ ಮಾತು ಮುರಿದುಬಿಡುತ್ತಿದ್ದೆ. ಆ ವಿಷಯ ಅಂಕಿತಾಗೆ ಇವತ್ತಿಗೂ ಗೊತ್ತಿಲ್ಲ.

ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸಪ್ಪಳವಾಯಿತು. ಅಂಕಿತಾ ಒಳಗೆ ಬಂದಳು. ಗಂಡನ ಕಡೆ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು ಪುಸ್ತಕ ಕೊಟ್ಟಳು.

“ಆತು ಅಕ್ಕಾ.”

“ನೀ ಯಾಕ ಬಂದಿ ಇಲ್ಲಿ?” ಎಂದರು ಸಾಹೇಬರು.

ಮೇಡಂ ಅವರ ವರದಿ ತೆಗೆದು ಒಂದು ಸಾಲು ಗಟ್ಟಿಯಾಗಿ ಓದಿದರು. “‘ಎಲ್ಲ ಓದುಗರನ್ನೂ ಖುದ್ದಾಗಿ ವಿಚಾರಿಸಲಾಗಿ...’ ನಿಮ್ಮನ್ನ ವಿಚಾರಿಸಿದ್ರೇನಮ್ಮಾ?”

“ಒಂದ ಮನ್ಯಾಗ ಇರ್ತೀವ್ರಿ ಮೇಡಂ,” ಎಂದಳು ಅಂಕಿತಾ. “ಉಂಡ್ಯಾ ಅಂತ ಸುದ್ದಾ ನನ್ನ ವಿಚಾರಿಸಿಲ್ರೀ ಅವ್ರು.”

ಬನಶಂಕರೆವ್ವ “ಥೂ” ಎಂದು ಮುಖ ತಿರುವಿದಳು. ಮೇಡಂ ಆ ವರದಿಯನ್ನು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಸಾಹೇಬರು ಅದನ್ನು ವಾಪಸು ಕೊಡಿ ಎಂದು ಮೂರು ಸಲ ಕೇಳಿದರು. ಕೊಡಲಿಲ್ಲ.

ಹನ್ನೆರಡನೆಯ ದಿನಕ್ಕೆ ನನಗೆ ಮರಳಿ ಕೆಲಸಕ್ಕೆ ಬರಲು ಕಾಗದ ಬಂತು, ‘ಆರೋಪ ಸುಳ್ಳೆಂದು ಕಂಡುಬಂದಿದೆ’ ಎಂಬ ಸಾಲಿನ ಸಮೇತ. ಅದರ ಇಪ್ಪತ್ತು ಝೆರಾಕ್ಸು ತೆಗೆಸಿ, ಅಮ್ಮನ ಕೈ ಹಿಡಿದುಕೊಂಡು ಕಾಯಿಪಲ್ಲೆ ಸಂತೆಗೆ ಹೋದೆ. ಓದಲು ಬಾರದವರಿಗೂ ಒಂದೊಂದು ಕೊಟ್ಟೆ. ಅಮ್ಮ ಚೀಲ ತುಂಬಿಸಿಕೊಂಡು ಬಂದಳು.

ಸಾಹೇಬರಿಗೆ ಮುಂಡರಗಿಗೆ ವರ್ಗವಾಯಿತು. ಹೋಗುವ ಮೊದಲು ನನ್ನನ್ನು ಗುಂಪಿಗೆ ಮರಳಿ ಸೇರಿಸಿ ಅಡ್ಮಿನ್ ಮಾಡಬೇಕೆಂದು ಆದೇಶವಾಗಿತ್ತು. ನನ್ನೆದುರಿಗೇ ನಿಂತು, ತಮ್ಮ ಬೆರಳಿನಿಂದಲೇ ಒತ್ತಿದರು. ನನ್ನ ಫೋನು ಟಿಣ್ ಎಂದಿತು.

“ಎಲ್ಲಾ ಆತಲ್ಲ? ಸಮಾಧಾನ ಆತಲ್ಲ ನಿನಗ?” ಎಂದರು.

ಸಾಹೇಬರ ಬಸ್ಸು ಹೊರಡುವ ಹೊತ್ತಿಗೆ ನಾನು, ಕೋಲು ಹಿಡಿದು ಪರದೆಯ ಮುಂದೆ ನಿಂತ ಅವರ ಫೋಟೊ ಒಂದನ್ನು ಹುಡುಕಿ ತೆಗೆದೆ. ಹೊಸ ಪುಸ್ತಕದ ಮುಖಪುಟ ಕಳಿಸಿದಂತೆ ಮುಂಡರಗಿಯ ಕೌಸರಳ ಗುಂಪಿಗೆ ಕಳಿಸಿದೆ. ಕೆಳಗೆ ಬರೆದೆ:

‘ನಂದು ಆತು. ಸರತಿ ನಿಮ್ದು, ಬಸ್‌ಸ್ಟ್ಯಾಂಡಿಗೆ ಬಂದು ಒಯ್ಯಿರಿ.’