ಅತ್ತೆಯ ಹಣೆಯ ಕೆಂಪು

ತಾಂಡೂರಿನಲ್ಲಿ ಮನೆ ಮುಂದಿನ ಕಟ್ಟೆಯಿಂದ ಹಿಡಿದು ದನದ ಕೊಟ್ಟಿಗೆಯವರೆಗೆ ಎಲ್ಲವೂ ಹಾಸುಗಲ್ಲೇ. ಅಂಥ ಊರಿಗೆ ಬಂಡೆಪ್ಪ ಹೈದರಾಬಾದಿನಿಂದ ರೈಲಿನಲ್ಲಿ ಕಲ್ಲು ತರಿಸಿದಾಗ ನಗದವರೇ ಇಲ್ಲ. ಇದು ಛಾಪಖಾನೆಯ ಕಲ್ಲು, ಇದರ ಮೇಲೆ ಬರೆದದ್ದು ಹಾಗೇ ಕಾಗದಕ್ಕೆ ಇಳಿಯುತ್ತದೆ ಎಂದು ಅವನು ಎಷ್ಟು ಬಿಡಿಸಿ ಹೇಳಿದರೂ ಯಾರ ಕಿವಿಗೂ ಬೀಳಲಿಲ್ಲ. ಎಲ್ಲರಿಗಿಂತ ಹೆಚ್ಚು ನಕ್ಕವಳು ಜಹೀರಾಬಾದಿನಲ್ಲಿದ್ದ ಅವನ ಅತ್ತೆ ಸುಗಲಾಬಾಯಿ. ‘ನಮ್ಮ ಅಳಿಯಾರು ಕಲ್ಲಿಗೆ ಮಸಿ ಬಳೀತಾರ’ ಎಂದು ನೆಂಟರ ಮನೆಗಳಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಅದೇ ಅತ್ತೆ ಒಂದು ಶುಕ್ರವಾರ ಅವನ ಛಾಪಖಾನೆಯ ಬಾಗಿಲಿಗೇ ಬಂದು ನಿಂತಳು. ಅವಳು ಮನೆಯಲ್ಲಿ ಮಾಡುವ ಕುಂಕುಮಕ್ಕೆ ನಾರಾಯಣಖೇಡದ ಸಂತೆಯಲ್ಲಿ ಒಳ್ಳೆಯ ಹೆಸರಿತ್ತು. ಈಗ ಯಾರೋ ಅದೇ ಹೆಸರು ಹೇಳಿ ಕಳಪೆ ಕುಂಕುಮ ಮಾರತೊಡಗಿದ್ದರು. ಹಾಗಾಗಿ ಕುಂಕುಮ ಕಟ್ಟುವ ಪುಡಿಕೆಗೆ ಅಂಟಿಸಲು ಅವಳಿಗೆ ತನ್ನದೇ ಚೀಟಿ ಬೇಕಾಗಿತ್ತು.

“ನಡುವ ಒಂದು ದೊಡ್ಡ ಬೊಟ್ಟು ಇರಬೇಕ್ರಿ. ಸುತ್ತ ಕನ್ನಡ, ತೆಲುಗು, ಉರ್ದು ಮೂರರಾಗೂ ನನ್ನ ಹೆಸರು. ಬಣ್ಣ ಮಾತ್ರ ನನ್ನ ಹಣಿ ಮ್ಯಾಲ ಹ್ಯಾಂಗ ಅದ ಹಂಗೇ ಬರಬೇಕು. ನಿಮ್ಮ ಕೈಲೆ ಆಗಲಿಲ್ಲಂದ್ರ ನಾಳೆ ಸಂಜಿ ಗಾಡಿಗೆ ನಾ ಹೈದರಾಬಾದಿಗೆ ಹೋಗ್ತೀನಿ.”

ಬಂಡೆಪ್ಪ ಅಲ್ಲಿಯವರೆಗೆ ಕಪ್ಪು ಮಸಿ ಬಿಟ್ಟು ಬೇರೆ ಬಣ್ಣ ಮುಟ್ಟಿದವನೇ ಅಲ್ಲ. ಆದರೂ “ಆಗ್ತದ್ರಿ ಅತ್ಯಾರ” ಎಂದುಬಿಟ್ಟ. ಆಗಲಿಲ್ಲವೆಂದರೆ ಅವಳು ನೆಂಟರ ಮನೆಗಳಿಗೆ ಮತ್ತೊಂದು ಸುತ್ತು ಹೋಗುವುದು ಖಂಡಿತ.

ಅತ್ತೆಯನ್ನು ಬಾಗಿಲ ಬೆಳಕಿಗೆ ಕೂರಿಸಿ, ಹಣೆ ನೋಡುತ್ತಾ ಕೆಂಪು ಮಸಿ ಕಲಸಿದ. ಗಾಜಿನ ಮೇಲೆ ಅದು ಹಣೆಯ ಬೊಟ್ಟಿನಂತೆಯೇ ಇತ್ತು. ಕಲ್ಲಿಗೆ ಸವರಿ, ಬಿಳಿ ಕಾಗದ ಒತ್ತಿ ಎತ್ತಿದರೆ ಬಣ್ಣ ಬೇರೆಯೇ ಆಗಿ, ಗುಲಾಬಿಯತ್ತ ತಿರುಗಿತ್ತು.

“ಇದು ಗುಲಾಲ್” ಎಂದಳು ಅತ್ತೆ.

ಮಸಿ ದಪ್ಪ ಮಾಡಿದ. ಬೊಟ್ಟಿನ ಅಂಚು ಹರಡಿ ಉರ್ದು ಅಕ್ಷರಗಳನ್ನು ನುಂಗಿತು. ಚೂರು ಕಪ್ಪು ಬೆರೆಸಿದ.

“ಇದು ಎಲಿ ಅಡಿಕಿ ಹಾಕ್ಕೊಂಡು ಉಗುಳಿದಂಗ ಅದ.”

ಸಂಜೆಯಾಗುವಷ್ಟರಲ್ಲಿ ಬಂಡೆಪ್ಪನ ಮೊಣಕೈವರೆಗೆ ಕೆಂಪು, ನೆಲದ ತುಂಬ ಹಾಳಾದ ಕಾಗದ. ಅವನಿಗೆ ಅಳುವೇ ಬರುವಂತಾಯಿತು. ಅತ್ತೆ ಮಾತ್ರ ಎರಡು ರೊಟ್ಟಿ ಹೆಚ್ಚೇ ಉಂಡು ಮಲಗಿದಳು.

ಮರುದಿನ ಬೆಳಿಗ್ಗೆ ಅವನು ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದಾಗ ಅತ್ತೆ ಸ್ನಾನ ಮುಗಿಸಿ ಬಂದಳು. ಬಂಡೆಪ್ಪ ಬೇವಿನ ಕಡ್ಡಿ ಬಾಯಲ್ಲೇ ಇಟ್ಟುಕೊಂಡು ನೋಡಿದ. ಅವಳ ಹಣೆಯ ಬೊಟ್ಟು ಅವನ ಮೊದಲ ಚೀಟಿಯ ಹಾಗೆಯೇ ಗುಲಾಲಿನತ್ತ ತಿರುಗಿತ್ತು. ಅವನು ಅಡುಗೆಮನೆಗೆ ಓಡಿ ಹೆಂಡತಿಯ ಕಿವಿಯಲ್ಲಿ ಹೇಳಿದ.

“ಶಕುಂತಲಾ, ನಿಮ್ಮವ್ವ ಕುಂಕುಮ ಬದ್ಲಿ ಮಾಡ್ಯಾರ. ನನ್ನ ಸೋಲಿಸಾಕೇ ಮಾಡ್ಯಾರ.”

ಶಕುಂತಲಾಬಾಯಿ ರೊಟ್ಟಿ ತಟ್ಟುತ್ತಲೇ ಬಾಗಿಲಾಚೆ ಇಣುಕಿದಳು.

“ಕುಂಕುಮ ಅದೇ ಅದ್ರಿ. ನಿನ್ನಿ ಶುಕ್ರವಾರ ಇತ್ತಲ್ಲ, ಮುಖಕ್ಕೆ ಅರಿಶಿಣ ಹಚ್ಕೊಂಡಿದ್ಳು. ಇವತ್ತು ಹಚ್ಚಿಲ್ಲ.”

ಬಂಡೆಪ್ಪ ಬೇವಿನ ಕಡ್ಡಿ ಎಸೆದ. ನಿನ್ನೆಯೆಲ್ಲ ಅವನು ನೋಡಿದ್ದು ಅರಿಶಿನದ ಮೇಲಿನ ಕೆಂಪು. ಒತ್ತಿದ್ದು ಬರೀ ಬಿಳಿಯ ಮೇಲೆ. ಕೆಂಪಿನಲ್ಲಿ ತಪ್ಪಿರಲಿಲ್ಲ, ಅದರ ಕೆಳಗೆ ಏನೂ ಇರಲಿಲ್ಲ. ಬಾಯಿ ಕೂಡ ಮುಕ್ಕಳಿಸದೆ ಛಾಪಖಾನೆಗೆ ಓಡಿದ.

ಇನ್ನೊಂದು ಕಲ್ಲಿನ ಮೇಲೆ ಬೊಟ್ಟಿಗಿಂತ ತುಸು ದೊಡ್ಡದಾಗಿ ಒಂದು ದುಂಡು ಆಕಾರ ಬರೆದ. ಅದಕ್ಕೆ ಹಳದಿ ಸವರಿ ಒತ್ತಿ, ಕಾಗದಗಳನ್ನು ಬಿಸಿಲಿನ ಹಾಸುಗಲ್ಲಿನ ಮೇಲೆ ಹರವಿದ. ಅವು ಒಣಗುವವರೆಗೆ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಮೇಲೆ ಹಳದಿಯ ಮೇಲೆ ನಿನ್ನೆಯ ಮೊದಲ ಕೆಂಪನ್ನೇ ತೆಳ್ಳಗೆ ಒತ್ತಿದ.

ಗಾಡಿಯ ಹೊತ್ತಾಗಿತ್ತು. ಅತ್ತೆ ಗಂಟು ಕಟ್ಟಿಕೊಂಡೇ ಬಂದಳು. ಚೀಟಿಯನ್ನು ಬಾಗಿಲ ಬೆಳಕಿಗೆ ಹಿಡಿದಳು, ದೂರ ಹಿಡಿದಳು, ಉಗುರಿನಿಂದ ಕೆರೆದಳು. ಬೊಟ್ಟು ಹಳದಿ ಅಂಚಿನೊಳಗೆ ಉರಿಯುತ್ತಿತ್ತು, ಶುಕ್ರವಾರದ ಮುತ್ತೈದೆಯ ಹಣೆಯಂತೆ. ಆ ಕಡೆ ರೈಲು ಕೂಗಿತು. ಅತ್ತೆ ಅಲುಗಲಿಲ್ಲ.

“ಹೋಗ್ಲಿ ಬಿಡ್ರಿ ಗಾಡಿ” ಎಂದಳು. ಅವಳ ಕಣ್ಣು ತೇವವಾಗಿತ್ತು. “ಇದು ನಂದೇ ಕುಂಕುಮ.”

ಆಮೇಲೆ ಗಂಟು ಬಿಚ್ಚಿ ಅರಿಶಿನ, ಕುಂಕುಮದ ಭರಣಿಗಳನ್ನು ತೆಗೆದಳು. ಕೆಲಸ ಮಾಡಿಕೊಟ್ಟ ಸಾಮಾನಿಗೆ ಪೂಜೆ ಮಾಡದೆ ಹೋಗುವವಳಲ್ಲ. ಕುಂಕುಮದಲ್ಲಿ ಬೆರಳದ್ದಿ ನೇರ ಕಲ್ಲಿನ ಕಡೆಗೇ ಬಂದಳು. ಬಂಡೆಪ್ಪ ಹೌಹಾರಿ, ಅತ್ತೆಯ ಕೈ ಹಿಡಿಯುವಂತಿಲ್ಲದೆ ಅಡ್ಡ ನಿಂತು, ಕಾಗದ ಒತ್ತುವ ಯಂತ್ರದ ಹಿಡಿಕೆ ತೋರಿಸಿದ.

“ಕಲ್ಲಿಗೆ ಬ್ಯಾಡ್ರಿ, ನಿಮ್ಮ ಬೆರಳ ಗುರುತೂ ಛಾಪಾಗ್ತದ. ಇದಕ್ಕ ಹಚ್ರಿ.”

ಅತ್ತೆ ಹಿಡಿಕೆಯತ್ತ ಬೆರಳು ನೀಡಿದಳು.

“ಅತ್ಯಾರ” ಎಂದ ಬಂಡೆಪ್ಪ, ಬಹಳ ವಿನಯದಿಂದ. “ಅರಿಶಿಣ ಮೊದಲ್ರಿ.”