ಹಾಸಿಟ್ಟ ಪಾಠ

ಭಾಗಮ್ಮ ಒಳಗಿಂದ ಬಂದವಳೇ ನೀಲಾಬಾಯಿಯ ಕೈಯಲ್ಲಿದ್ದ ಕಸಬರಿಗೆಯನ್ನು ಕಸಿದುಕೊಂಡಳು.

“ಇದನ್ನ ಗುಡಿಸಂತ ಯಾರು ಹೇಳಿದ್ರು?”

ನೆರೆಮನೆಯ ನೀಲಾಬಾಯಿ ಪೆಚ್ಚಾದಳು. ಭಾಗಮ್ಮನ ಗಂಡ ಸೂಗಪ್ಪ ಮಾಸ್ತರರು ಬೆಳಗಿನ ಜಾವ ತೀರಿಕೊಂಡಿದ್ದರು. ಅವರಿಗೆ ವಿಭೂತಿ ಹಚ್ಚಿ, ಅವರು ಶಾಲೆ ನಡೆಸುತ್ತಿದ್ದ ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಬೇಕಿತ್ತು. ಕೊಡ್ಲಿ ಎಂಬ ಆ ಊರಿಗೆ ಊರೇ ಕೊನೆಯ ದರ್ಶನಕ್ಕೆ ಬರುವುದರೊಳಗೆ ನೆಲ ಸಾರಿಸೋಣವೆಂದು ಅವಳು ಬಂದರೆ, ಒಂದು ಕಡೆ ಹುಣಸೆಬೀಜ, ಒಂದು ಕಡೆ ಮರಳು, ಮತ್ತೊಂದು ಕಡೆ ಜೋಳದ ದಂಟಿನ ತುಂಡು, ಶಹಾಬಾದ ಕಲ್ಲಿನ ಚೂರು. ನೆಲವೆಲ್ಲ ಗುಡ್ಡೆ ಗುಡ್ಡೆ.

“ಹುಡುಗ್ರು ಆಡಿ ಬಿಟ್ಟುಹೋದ ಕಸ ಅಂತ ತಿಳದೆ, ಯಕ್ಕಾ.”

“ಕಸ ಅಲ್ಲವ್ವಾ. ಇವತ್ತಿನ ಪಾಠ. ನಿನ್ನಿ ಸಂಜಿಗಿ ಅವರ ಕೈಲೆ ಇಟ್ಟಿದ್ದು.”

ಚಂದಾಪುರದಿಂದ ಓಡಿಬಂದಿದ್ದ ಮೈದುನ ಬಸವಂತರಾಯ ಹೊಸ್ತಿಲಲ್ಲಿ ನಿಂತಿದ್ದ. ಅಲ್ಲಿಯ ಅಂಗಡಿಯೊಂದರಲ್ಲಿ ಅವನು ಗುಮಾಸ್ತ.

“ವೈನಿ, ಇಂಥಾ ಹೊತ್ತಿನ್ಯಾಗ ಎಂಥಾ ಪಾಠ? ಅಣ್ಣನ ಸಂಗಾಟ ಸಾಲಿನೂ ಮುಗೀತು. ಹುಡುಗ್ರು ಚಿಂಚೋಳಿಗಿ ಹೋಗ್ತಾವ.”

“ಹೋಗೋವು ಹೋಗ್ತಾವ. ಕಣ್ಣಿಲ್ಲದ ಪೋರಿ ಮೆಹತಾಬ್‌ನ ಅಲ್ಲಿ ಯಾರು ಕೂಡಿಸ್ಕೋತಾರ?” ಭಾಗಮ್ಮನ ಕಣ್ಣುಗಳು ಅತ್ತು ಕೆಂಪಾಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. “ಅವರನ್ನ ದಿನಾ ಕುಂದ್ರೋ ಜಾಗಾದಾಗೇ ಕೂಡಸ್ರಿ. ಹುಡುಗ್ರು ಬಂದು ಪಾಠ ಮುಗಿಸ್ಲಿ. ಆಮ್ಯಾಗ ಬೇಕಾದಂಗ ಗುಡಸ್ರಿ. ಲಿಂಗ ಕಟ್ಟಿದ ನಮ್ಮೊಳಗ ಸೂತಕ ಇಲ್ಲಂತ ನೀವೇ ಹೇಳ್ತೀರಲ್ಲ?”

ಬಸವಂತರಾಯ ಅಣ್ಣನನ್ನು ಎತ್ತಿ ತರಲು ಒಳಗೆ ಹೋದ.

*

ಎಂಟು ತಿಂಗಳ ಹಿಂದೆ ಸರಕಾರದಿಂದ ಶಾಲೆಯ ತಪಾಸಣೆಗೆ ಬಂದ ಸಾಹೇಬರು ಇದೇ ನೆಲ ನೋಡಿ ಹುಬ್ಬು ಗಂಟಿಕ್ಕಿದ್ದರು.

“ಜಮಾತ್ ಒಂದು ಅಂದ್ರ ಸಬಕ್ ಒಂದೇ ಇರಬೇಕು, ಮಾಸ್ತರ್. ಒಂದೇ ವರ್ಗಕ್ಕ ಇದೇನು ಹತ್ತು ಪಾಠದ ಸಂತಿ ಹಾಸೀರಿ?”

“ಸಾಹೇಬ್ರ, ನಮ್ಮ ಮನ್ಯಾಕಿ ದಿನಾ ರೊಟ್ಟಿ ಬಡೀತಾಳ. ಹಲ್ಲಿಲ್ಲದ ಮುದುಕರಿಗಿ ಹಾಲಿನ್ಯಾಗ ನೆನಸಿ ಕೊಡ್ತಾಳ. ಹೊಲಕ್ಕ ಹೋಗಾವಗ ಖಡಕ್ ಮಾಡಿ ಕಟ್ಟತಾಳ. ಹಿಟ್ಟು ಒಂದೇ ಅದರೀ.”

ಸಾಹೇಬರು ನಗಲಿಲ್ಲ. ಹೀಗೇ ನಡೆದರೆ ಖಾಸಗಿ ಶಾಲೆ ನಡೆಸಲು ಸರಕಾರ ಕೊಟ್ಟ ಇಜಾಜತ್ ಉಳಿಯುವುದಿಲ್ಲವೆಂದು ಹೇಳಿ ಟಾಂಗಾ ಹತ್ತಿದರು. ಆ ಸಂಜೆಯೂ ಮಾಸ್ತರರು ಬೀಜ, ಮರಳಿನ ಬುಟ್ಟಿ ತರಲು ಹೇಳಿದಾಗ ಭಾಗಮ್ಮನಿಗೆ ಸಿಟ್ಟೇ ಬಂತು.

“ಇಜಾಜತ್ ಹೋದ್ರ ಏನ್ ಮಾಡ್ತೀರಿ?”

“ಹೋದಾಗ ನೋಡೂನು. ಮೆಹತಾಬ್ ಇವತ್ತ ಮೂರು ಸಲ ಎಣಿಸಿದ್ಳು, ಮೂರು ಸಲನೂ ಆರು. ನಾಳಿಗಿ ಏಳು ಇಡಬೇಕು.”

ಅದು ಅವರ ಕಟ್ಟಳೆ. ಬೆರಳಿಂದ ಮುಟ್ಟಿ ಮೂರು ಸಲ ತಪ್ಪದೆ ಎಣಿಸಿದರೆ ಮರುದಿನ ಒಂದು ಬೀಜ ಹೆಚ್ಚು, ತಪ್ಪಿದರೆ ಮೊದಲಿನಷ್ಟೇ. ಕುಂಚಾವರಂ ಕಡೆಯ ತೆಲುಗು ಹುಡುಗನಿಗೆ ಮೊದಲು ಅವನ ಮಾತಿನಲ್ಲಿ ವಸ್ತುವಿನ ಹೆಸರು, ಆಮೇಲೆ ಕನ್ನಡದಲ್ಲಿ. ಕೈ ನಡುಗುವ ಇಸಾಕನಿಗೆ ಬಳಪವಿಲ್ಲ, ಮರಳಿನ ಮೇಲೆ ಬೆರಳು. ಇಜಾಜತ್ ಹೋಗಲಿಲ್ಲ, ಆದರೆ ಹೋಗುವ ಭಯ ಇದ್ದೇ ಇತ್ತು. ಪ್ರತಿ ಸಂಜೆ ಮಾಸ್ತರರು ಇಡುತ್ತ ಹೋದರು, ಭಾಗಮ್ಮ ಬುಟ್ಟಿ ಹಿಡಿದು ಹಿಂದೆ ಹಿಂದೆ ನಡೆದಳು.

*

ಈಗ ಮಾಸ್ತರರು ರುಮಾಲು ಸುತ್ತಿಸಿಕೊಂಡು, ಹಣೆತುಂಬ ವಿಭೂತಿ ಹಚ್ಚಿಸಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಹನ್ನೊಂದು ಹುಡುಗರು ಸದ್ದಿಲ್ಲದೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ನಬೀಸಾಬ್ ತನ್ನ ಮಗಳು ಮೆಹತಾಬಳ ಕೈಹಿಡಿದು ಹೊರಗೇ ತಡೆದು ನಿಂತ.

“ಅಕ್ಕೋರ, ಮಯ್ಯತ್ ಆದ ಮನಿ. ಪೋರಿನ ಕರಕೊಂಡು ಬರ್ಬೇಕೋ ಬ್ಯಾಡೋ ಅಂತ...”

“ಬರ್ರಿ ನಬೀಸಾಬ್. ಆಕಿ ಜಾಗಾ ಹಂಗೇ ಅದ.”

ಮೆಹತಾಬ್ ಅಪ್ಪನ ಕೈಬಿಟ್ಟು, ಹೊಸ್ತಿಲಿಂದ ಏಳು ಹೆಜ್ಜೆ ನಡೆದು ಕೂತಳು. ಬೀಜ ಒಂದೊಂದೇ ಸರಿಸಿ ಎಣಿಸಿದಳು. ಮತ್ತೆ ಎಣಿಸಿದಳು. ಮೂರನೆಯ ಸಲ ಮುಗಿಸಿ ಗೋಡೆಯ ಕಡೆಗೆ ಮುಖವೆತ್ತಿದಳು.

“ಹನ್ನೆರಡು ಅದಾವ್ರಿ, ಮಾಸ್ತರ್.”

ಮಾಸ್ತರರು ತೀರಿಕೊಂಡರೆಂದು ಅಪ್ಪ ಹೇಳಿದ್ದು ಆಗ ನೆನಪಾಯಿತೇನೋ, ಹುಡುಗಿ ಬೀಜಗಳನ್ನು ಎರಡೂ ಅಂಗೈಯಿಂದ ಮುಚ್ಚಿಕೊಂಡಳು. ಭಾಗಮ್ಮನ ದುಃಖ ಒತ್ತರಿಸಿ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಹುಡುಗಿಯ ಮುಂದೆ ಕೂತಳು.

“ಶಾಬಾಸ್,” ಎಂದಳು. ಆಮೇಲೆ ತೆಲುಗು ಹುಡುಗನ ಕಡೆ ಹೊರಳಿ, ಗಂಡನ ಹಾಗೆಯೇ, “ಚೆಪ್ಪು, ಹೇಳು,” ಎಂದಳು.

ಅವನು ಕಲ್ಲಿನ ಚೂರು ಎತ್ತಿ ಹಿಡಿದು ಹೇಳಿದ. “ರಾಯಿ. ಕಲ್ಲು.”

ಪಾಠ ಮುಗಿದ ಮೇಲೆಯೇ ಮಾಸ್ತರರನ್ನು ಎತ್ತಿದರು.

*

ಮಣ್ಣು ಕೊಟ್ಟು ಬಂದ ಬಸವಂತರಾಯ ಕಟ್ಟೆಯ ಮೇಲೆ ಕೂತಿದ್ದ. ನೀಲಾಬಾಯಿ ಪಡಸಾಲೆ ಗುಡಿಸಿ, ಸಾರಿಸಿ ಹೋಗಿದ್ದಳು. ಹೊತ್ತು ಇಳಿಯುತ್ತಿದ್ದಾಗ ಭಾಗಮ್ಮ ಬುಟ್ಟಿ ಹಿಡಿದು ಹೊರಬಂದಳು.

“ವೈನಿ, ನಿಮಗ ಅಕ್ಷರಾ ಬರಂಗಿಲ್ಲ,” ಎಂದ ಬಸವಂತರಾಯ ಮೆಲ್ಲಗೆ.

“ಬರಂಗಿಲ್ಲ. ಯಾರಿಗಿ ಏನು ಬೇಕಂತ ಗೊತ್ತದ. ಅಕ್ಷರಾ ನೀವು ಬಂದು ಹೇಳ್ರಿ.”

ಬಸವಂತರಾಯ ಎದ್ದು ಬಂದು ಬುಟ್ಟಿಯನ್ನು ತನ್ನ ಕೈಗೆ ತೆಗೆದುಕೊಂಡ.

ಭಾಗಮ್ಮ ಇಸಾಕನ ಜಾಗದಲ್ಲಿ ಮರಳು ಹರವಿದಳು. ಮೆಹತಾಬಳ ಜಾಗಕ್ಕೆ ಬಂದು ಮೊಣಕಾಲೂರಿ, ಇನ್ನೂ ಹಸಿ ಆರದ ನೆಲದ ಮೇಲೆ ಹುಣಸೆಬೀಜಗಳನ್ನು ಒಂದೊಂದಾಗಿ ಎಣಿಸಿ ಇಟ್ಟಳು. ಹದಿಮೂರು.