ನಲವತ್ತು ಡಿಗ್ರಿ

ನಾಗರತ್ನಾ ರಾಮದುರ್ಗದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು. ಶನಿವಾರ ಕ್ಲಾಸು ಮುಗಿದ ಮೇಲೆ ಸವದತ್ತಿ ಮಾರ್ಗದ ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿ, ಭಾನುವಾರವಿಡೀ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಪಿಎಚ್.ಡಿ. ಕೆಲಸ ಮಾಡುತ್ತಿದ್ದಳು. ಹೀಗೆ ನಾಲ್ಕು ವರ್ಷ ಕಳೆದು 2004 ಬಂದಿತ್ತು.

ಕಂಪ್ಯೂಟರಿನ ಮೆಮೊರಿಗೆ ಬಳಸಬಹುದಾದ ಒಂದು ಮಿಶ್ರಣ ಅವಳ ವಿಷಯ. ಗಾಜಿನ ಮೇಲೆ ತೆಳ್ಳಗೆ ಲೇಪಿಸಿದಾಗ ಅದರ ಪರಮಾಣುಗಳು ಅಡ್ಡಾದಿಡ್ಡಿಯಾಗಿರುತ್ತವೆ, ವಿದ್ಯುತ್ ಸುಲಭವಾಗಿ ಹರಿಯುವುದಿಲ್ಲ. ಕಾಯಿಸುತ್ತ ಹೋದರೆ ಒಂದು ಹಂತದಲ್ಲಿ ಅವು ಸಾಲುಗೂಡಿ ಹರಳುಗಟ್ಟುತ್ತವೆ, ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಮೆಮೊರಿಯ ಸೊನ್ನೆ, ಒಂದು ಎಂದರೆ ಇವೇ ಎರಡು ಸ್ಥಿತಿಗಳು. ಯಂತ್ರ ಕಾದಾಗ ತಾನಾಗಿಯೇ ಹರಳುಗಟ್ಟಿದರೆ ಬರೆದಿಟ್ಟದ್ದು ಅಳಿಸಿಹೋಗುತ್ತದೆ. ಸಾಮಾನ್ಯ ಮಿಶ್ರಣ ಸುಮಾರು 150 ಡಿಗ್ರಿಗೆ ಹರಳುಗಟ್ಟುತ್ತದೆಂದು ಪುಸ್ತಕಗಳು ಹೇಳುತ್ತಿದ್ದವು. ನಾಗರತ್ನಾ ಚೂರು ಸೆಲೆನಿಯಂ ಬೆರೆಸಿದ್ದು ಪ್ರಯೋಗಾಲಯದ ವಿದ್ಯುತ್ ಫರ್ನೇಸಿನಲ್ಲಿ 198ರವರೆಗೆ ತಡೆಯಿತು.

ಅವಳ ಪ್ರಬಂಧವನ್ನು ದೊಡ್ಡ ಪತ್ರಿಕೆಯೊಂದು ಒಪ್ಪಿತು. ಸಾಮಾನ್ಯ ಮಿಶ್ರಣವನ್ನೂ ಅದೇ ಫರ್ನೇಸಿನಲ್ಲಿ ಕಾಯಿಸಿ ತೋರಿಸಿ ಎಂದಷ್ಟೇ ಕೇಳಿತ್ತು. ಕಾಯಿಸಿದಳು. ಅದೂ 190ಕ್ಕೆ ಹರಳುಗಟ್ಟಿತು! ಫರ್ನೇಸಿನ ಉಷ್ಣತೆಯ ಮೀಟರೇ ತಪ್ಪು ತೋರಿಸುತ್ತಿರಬಹುದೆಂದು ಅವಳಿಗೆ ಅನುಮಾನ ಬಂತು.

ರಾಮದುರ್ಗಕ್ಕೆ ಮರಳಿದವಳೇ ಪೇಟೆಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವವನ ಬಳಿ ಹೋದಳು.

“ಚೊಕ್ಕ ತವರ ಬೇಕಾಗಿತ್ರಿ. ಸೀಸ ಬೆರೆಸಿದ್ದು ಬ್ಯಾಡ.”

“ಉಣ್ಣೋ ಭಾಂಡೆಕ್ಕ ಸೀಸ ಹಚ್ಚತೇವೇನ್ರಿ ಅಕ್ಕಾರ?” ಎಂದು ಅವನು ಸಿಟ್ಟಾದ. ಆದರೂ ಉಗುರಿನಷ್ಟು ಚೂರು ಕತ್ತರಿಸಿ ಕೊಟ್ಟ.

ಶುದ್ಧ ತವರ ಕರಗುವುದು 232 ಡಿಗ್ರಿಗೆ. ಮುಂದಿನ ಭಾನುವಾರ ಅದನ್ನು ಗಾಜಿನ ಮೇಲಿಟ್ಟು ಕಾಯಿಸಿದಳು. ಮೀಟರು 232 ತೋರಿಸಿದಾಗ ಚೂರು ಹಾಗೇ ಇತ್ತು. ಹನಿಯಾಗುವಷ್ಟರಲ್ಲಿ ಮೀಟರು 272 ಮುಟ್ಟಿತ್ತು, ನಲವತ್ತು ಡಿಗ್ರಿ ಹೆಚ್ಚು. ಫರ್ನೇಸು ಆರಿದ ಮೇಲೆ ಇಣುಕಿದರೆ, ಉಷ್ಣತೆ ಅಳೆಯುವ ತಂತಿ ಗಾಜಿನ ಹತ್ತಿರವಿರದೆ ಫರ್ನೇಸನ್ನು ಕಾಯಿಸುವ ಸುರುಳಿಯ ಕಡೆ ಸರಿದುಹೋಗಿತ್ತು.

ಅದೇ ಫರ್ನೇಸಿನಲ್ಲಿ ಕೆಲಸ ಮಾಡಿದ್ದ ಸಂಶೋಧನಾ ವಿದ್ಯಾರ್ಥಿ, ಸುರೇಬಾನದ ಅರ್ಜುನನ ಮಹಾಪ್ರಬಂಧ ಆಗಲೇ ಬೈಂಡಿಂಗಿಗೆ ಹೋಗಿತ್ತು. ಅದರ ಅಳತೆಗಳೂ ತಪ್ಪಾಗಿರಲೇಬೇಕು. ಅವನಿಗೆ ಹೇಳದೆ ವಿಧಿಯಿರಲಿಲ್ಲ.

“ಸುಮ್ನ ಇದ್ದಿದ್ರ ಯಾರಿಗೆ ಗೊತ್ತಾಗತಿತ್ರಿ ಮೇಡಂ?” ಎಂದು ಅವನು ಕೇಳಿದ.

“ನನಗ ಗೊತ್ತಾಗೇತಲ್ಲಪ್ಪ. ನನ್ನ ಪೇಪರ್ ವಾಪಸ್ ತಗೊಂಡೇನಿ. ನಿನ್ನ ಸ್ಯಾಂಪಲ್ಲೂ ತಗೊಂಡು ಬಾ, ಕೂಡೇ ಕಾಸೂಣು.”

ಅರ್ಜುನ ಎರಡು ವಾರ ಅವಳ ಜೊತೆ ಮಾತಾಡಲಿಲ್ಲ. ಮೂರನೆಯ ಭಾನುವಾರ ಸ್ಯಾಂಪಲ್‌ಗಳ ಡಬ್ಬಿ ಹಿಡಿದು ಬಂದ. ತಂತಿಯನ್ನು ಗಾಜಿಗೇ ತಾಗಿಸಿ ಇಬ್ಬರೂ ಹನ್ನೊಂದು ತಿಂಗಳು ಎಲ್ಲವನ್ನೂ ಮತ್ತೆ ಕಾಯಿಸಿದರು. ಅವನ ಎರಡು ಅಧ್ಯಾಯ ಹೊಸದಾಗಿ ಬರೆಯಬೇಕಾಯಿತು.

ಸೆಲೆನಿಯಂನಿಂದ ನಿಜವಾಗಿ ಸಿಕ್ಕ ಲಾಭ ಎಂಟೇ ಡಿಗ್ರಿ. ನಾಗರತ್ನಾ ಎಂಟೆಂದೇ ಬರೆದು ಕಳಿಸಿದಳು. ದೊಡ್ಡ ಪತ್ರಿಕೆ ಬೇಡವೆಂದಿತು. ಮರುವರ್ಷ ಸಣ್ಣ ಪತ್ರಿಕೆಯೊಂದು ಅಚ್ಚು ಹಾಕಿತು, ಇಬ್ಬರ ಹೆಸರಿನಲ್ಲಿ.